ಖಾಲಿ ತೂಕ

ರನ್ನ ಬೆಳಗಲಿಯಲ್ಲಿ ಸೋಮವ್ವ ಎಂಬ ಹೆಸರಿನವರು ಬಹಳ ಮಂದಿ. ಅವರಲ್ಲಿ ಒಬ್ಬಳನ್ನು ಗುರುತಿಗೆಂದು ಹೇಸಿಕಿ ಸೋಮವ್ವ ಎನ್ನುತ್ತಾರೆ. ಅವಳು ಹೊಲಸಾಗಿರುತ್ತಾಳೆಂದಲ್ಲ, ಕಂಡದ್ದಕ್ಕೆಲ್ಲ 'ಹೇಸಿಕಿ' ಎನ್ನುತ್ತಾಳೆಂದು. ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಅವಳು ಚಹಾ ಕುಡಿಯುವುದಿಲ್ಲ, ಲೋಟ ಅದ್ದುವ ಬಕೀಟಿನ ನೀರನ್ನು ಒಮ್ಮೆ ನೋಡಿದ್ದಾಳೆ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂರುವ ಮೊದಲು ಸೆರಗಿನಿಂದ ಎಲೆ ಒರೆಸುತ್ತಾಳೆ, ಬಡಿಸುವವರು ಏನೆಂದುಕೊಂಡಾರು ಎಂಬ ಚಿಂತೆ ಅವಳಿಗಿಲ್ಲ.

ಕಬ್ಬು ಕಡಿಯುವ ಗ್ಯಾಂಗಿನವರು ಅವಳ ಹೊಲಕ್ಕೆ ಬರಲು ಗೊಣಗುತ್ತಾರೆ. ಬೇರೆಯವರ ಹೊಲದಲ್ಲಿ ಕಬ್ಬನ್ನು ಎರಡೇಟಿಗೆ ಕಡಿದು, ಒಣಗಿದ ಗರಿ ಅರ್ಧ ಸುಲಿದು ಅರ್ಧ ಬಿಟ್ಟು ಹೊರೆ ಕಟ್ಟಿದರೆ ನಡೆಯುತ್ತದೆ. ಆ ಗರಿಗೆ ಇಲ್ಲಿ ರವದಿ ಎನ್ನುತ್ತಾರೆ. ಸೋಮವ್ವ ಹೊರೆ ಬಿಚ್ಚಿಸುತ್ತಾಳೆ. ರವದಿ ಹತ್ತಿಕೊಂಡ ಕಬ್ಬನ್ನು ಎಳೆದು ಬದುವಿಗೆ ಎಸೆಯುತ್ತಾಳೆ. 'ಇದನ್ನ ಮಂದಿ ಬೆಲ್ಲಾ ಮಾಡಿ ತಿಂತಾರ' ಎಂಬುದು ಅವಳ ಒಂದೇ ವಾದ. ಹೀಗೆ ಸುಲಿಸಿದ ಕಬ್ಬು ತೂಕಕ್ಕೆ ಕಡಿಮೆಯಾಗುತ್ತದೆಂದು ಮೈದುನ ಮಾಳು ವರ್ಷವರ್ಷವೂ ಹೇಳುತ್ತಿದ್ದ. ವರ್ಷವರ್ಷವೂ ಅವಳು ಕೇಳಿಸಿಕೊಂಡಿರಲಿಲ್ಲ.

ಮಾಳು ಅವಳ ಗಂಡ ಅಪ್ಪಾಸಾಬನ ತಮ್ಮ. ಅಪ್ಪಾಸಾಬ ತೀರಿಕೊಂಡು ಬಹಳ ಕಾಲವಾಯಿತು. ಇದ್ದೊಬ್ಬ ಮಗಳನ್ನು ಬೀಳಗಿಗೆ ಕೊಟ್ಟಿದೆ. ಮನೆ ಒಂದೇ, ಹೊಲ ಒಂದೇ, ಮಾಳುವಿನ ಹೆಂಡತಿ ಸಿದ್ದಕ್ಕನೂ ಸೋಮವ್ವನೂ ಒಂದೇ ಒಲೆಯ ಮೇಲೆ ಅಡಿಗೆ ಮಾಡುತ್ತಾರೆ. ಮತ್ತೆ ಒಂದು ಟ್ರ್ಯಾಕ್ಟರು.

ಆ ಟ್ರ್ಯಾಕ್ಟರು ಸೋಮವ್ವನಿಗಿಂತ ಎರಡೇ ವರ್ಷಕ್ಕೆ ಚಿಕ್ಕದು. ಜಮಖಂಡಿಯ ಒಬ್ಬ ವಕೀಲರು ಜಮೀನು ಹೋದ ಮೇಲೆ ಮಾರಿದ್ದನ್ನು ಅಪ್ಪಾಸಾಬ ತಂದಿದ್ದ. ಪರದೇಶದಲ್ಲಿ ಮಾಡಿದ್ದು; ಕೆಂಪು ಬಣ್ಣ ಈಗ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಜಮಖಂಡಿ, ಮುಧೋಳ ಎರಡೂ ಕಡೆ ಹುಡುಕಿದರೂ ಅಂಥ ಇನ್ನೊಂದು ಓಡುವುದು ಸಿಗಲಿಕ್ಕಿಲ್ಲ. ಓಡಿಸುವವನು ಮಾಳು, ಒರೆಸುವವಳು ಸೋಮವ್ವ. ಎಣ್ಣೆ ಬದಲಿಸಿದ ದಿನ ಕಡ್ಡಿಗೆ ಬಟ್ಟೆ ಸುತ್ತಿ ನಟ್ಟುಗಳ ಸಂದಿಯಿಂದ ಜಿಡ್ಡು ತೆಗೆಯುವವಳು ಅವಳೇ. ಮಾಳು ಗುಟ್ಕಾ ಹಾಕಿಕೊಂಡು ಓಡಿಸುತ್ತ ಬಲಕ್ಕೆ ಉಗುಳುತ್ತಾನೆ. ಹೀಗಾಗಿ ಬಲಗಾಲಿಯ ಮಡ್ಗಾರ್ಡು ಎಡದ್ದಕ್ಕಿಂತ ಕೆಂಪಗಿತ್ತು.

ಟ್ರ್ಯಾಕ್ಟರಿನ ಜೊತೆ ಅಪ್ಪಾಸಾಬ ನಾಲ್ಕು ಬೀಡು ಕಬ್ಬಿಣದ ಚಕ್ರಗಳನ್ನೂ ತಂದಿದ್ದ. ಹಿಂದಿನ ಗಾಲಿಗಳಿಗೆ, ಒಂದೊಂದಕ್ಕೆ ಎರಡರಂತೆ, ಹೊರಗಿನಿಂದ ಬಿಗಿಯುವ ತೂಕಗಳು. ಒಂದೊಂದೂ ಸಿಮೆಂಟ್ ಚೀಲಕ್ಕಿಂತ ತುಸು ಹೆಚ್ಚು ಭಾರ. ಗಾಲಿಗೆ ಇಷ್ಟು ಭಾರ ಬಿದ್ದರೆ ಅದು ನೆಲವನ್ನು ಕಚ್ಚುತ್ತದೆ, ನಿಂತಲ್ಲೇ ತಿರುಗುವುದಿಲ್ಲ. ಎರೆ ಹೊಲ, ಮೇಲೆ ಕಾಲುವೆಯ ನೀರು; ಕಬ್ಬು ತುಂಬಿದ ಟ್ರೇಲರನ್ನು ಹೊಲದಿಂದ ರಸ್ತೆಗೆ ಏರಿಸುವಾಗ ಪ್ರತಿ ವರ್ಷ ಗಾಲಿ ಅಲ್ಲೇ ತಿರುಗಿ ತಿರುಗಿ ಕುಳಿ ತೋಡಿಕೊಳ್ಳುತ್ತಿತ್ತು. ಕೆಸರು ಮಾರು ಎತ್ತರಕ್ಕೆ ಸಿಡಿದು ಕಬ್ಬಿಗೂ ಮೈಗೂ ಬಡಿಯುತ್ತಿತ್ತು. ತೂಕ ಕಟ್ಟು ಎಂದು ಸೋಮವ್ವ ಹೇಳುತ್ತಲೇ ಬಂದಿದ್ದಳು. 'ಎತ್ತಾಕ ಯಾರ ಅದಾರ' ಎಂದು ಮಾಳು ಮುಂದೂಡುತ್ತಲೇ ಬಂದಿದ್ದ. ಅಷ್ಟರಲ್ಲಿ ಒಂದು ತೂಕ ಬಚ್ಚಲಿನ ಕಲ್ಲಾಗಿ, ಒಂದು ಎಮ್ಮೆ ಕಟ್ಟುವ ಗೂಟಕ್ಕೆ ಆಧಾರವಾಗಿ, ಇನ್ನೆರಡು ಕೋಳಿಗೂಡಿನ ಹಿಂದೆ ಹುಲ್ಲಿನಲ್ಲಿ ಮರೆಯಾಗಿ ಉಳಿದವು.

ಈ ವರ್ಷ ದೀಪಾವಳಿ ಕಳೆದ ವಾರ ಮಾಳು ತಾನೇ ಮಾತು ತೆಗೆದ.

"ವೈನಿ, ಈ ಸರ್ತಿ ಗಾಲಿಗೆ ತೂಕಾ ಬಿಗಸೂಣು. ಸುಭಾಷ್‌ಗ ಬಾ ಅಂತ ಹೇಳೀನಿ."

"ಯಾರ ಹೇಳಿದ್ರು ನಿನಗ?"

"ನೀನ ಹೇಳೀದಿ. ನಾ ಕಿವಿ ಇಲ್ಲದಾಂವ ಅಲ್ಲ."

ಸೋಮವ್ವನಿಗೆ ಸಮಾಧಾನವಾಯಿತು. ಐವತ್ತು ದಾಟಿದ ಮೇಲಾದರೂ ಮನುಷ್ಯನಿಗೆ ಬುದ್ಧಿ ಬರುತ್ತದೆ ಎಂದುಕೊಂಡಳು.

ಸುಭಾಷ್ ಮಹಾಲಿಂಗಪುರದ ಮೆಕ್ಯಾನಿಕ್. ಚೈನ್ ಪುಲ್ಲಿ ಹೊತ್ತುಕೊಂಡು ಬೆಳಿಗ್ಗೆಯೇ ಬಂದ. ಬರುವ ಮೊದಲೇ ಸೋಮವ್ವ ನಾಲ್ಕೂ ತೂಕಗಳನ್ನು ಅಂಗಳಕ್ಕೆ ಉರುಳಿಸಿ ತರಿಸಿದ್ದಳು. ಬಚ್ಚಲಿನದರ ಮೇಲೆ ಎಷ್ಟೋ ವರ್ಷದ ಸಾಬೂನು ಹಾಲಿನ ಕೆನೆಯಂತೆ ಕಟ್ಟಿತ್ತು. ಎಮ್ಮೆಯದರ ತೂತುಗಳಲ್ಲಿ ಸಗಣಿ ಗಟ್ಟಿಯಾಗಿ ಕೂತಿತ್ತು. ಕೋಳಿಯವನ್ನು ಹೇಳುವುದೇ ಬೇಡ. ಅವಳು ಸೀಮೆಎಣ್ಣೆ, ತಂತಿ ಬ್ರಷ್ಷು ಹಿಡಿದು ಕುಳಿತಳು.

"ಅವ್ವಾರ, ಗಾಲಿಗೆ ಹಾಕೂವು ಅವು, ಜಗಲಿ ಮ್ಯಾಲ ಇಡೂವಲ್ಲ" ಎಂದ ಸುಭಾಷ್.

"ನಡುವ ಕಸಾ ಇದ್ರ ಒಂದಕ್ಕೊಂದು ಕೂಡ್ತಾವೇನು?"

"ಕೂಡೂದಿಲ್ಲ ಖರೆ. ಬೋಲ್ಟು ಸಡ್ಲ ಆಗ್ತಾವ."

"ಮತ್ತ ಮುಚ್ಕೊಂಡು ಚಹಾ ಕುಡಿ."

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು. ಬೇವಿನ ಟೊಂಗೆಗೆ ಪುಲ್ಲಿ ಕಟ್ಟಿ, ಟ್ರ್ಯಾಕ್ಟರಿನ ಹಿಂಗಾಲಿ ಅದರ ನೇರ ಕೆಳಗೆ ಬರುವಂತೆ ನಿಲ್ಲಿಸಿದರು. ಮೊದಲನೆಯ ತೂಕಕ್ಕೆ ಸರಪಳಿ ಹಾಕಿ ಎತ್ತಿದಾಗ ಅದು ಗಾಳಿಯಲ್ಲಿ ನಿಧಾನವಾಗಿ ತಿರುಗಿತು. ಅದನ್ನು ಗಾಲಿಯ ತಟ್ಟೆಗೆ ಒತ್ತಿ ಹಿಡಿದು ತೂತಿಗೆ ತೂತು ಕೂಡಿಸುವುದು ಮಾಳುವಿನ ಕೆಲಸ, ಒಳಗಿನಿಂದ ಬೋಲ್ಟು ತೂರಿಸುವುದು ಸುಭಾಷನದು. ಮಾಳು ಕೈ ಹಚ್ಚುವ ಮುಂಚೆ ಒಮ್ಮೆ ಉಗುಳಿದ. ಸೋಮವ್ವ ಈಗಷ್ಟೇ ಒರೆಸಿದ ಗಾಲಿಯ ಪಕ್ಕಕ್ಕೇ ಬಿತ್ತು.

"ಥೂ, ಹೇಸಿಕಿ. ಬಾಯಾಗ ಗಟಾರ ಇಟ್ಕೊಂಡು ಹುಟ್ಟೀದಿ."

"ಮಾತಾಡಿಸಬ್ಯಾಡ ವೈನಿ, ಕೈ ಸಿಗತೈತಿ" ಎಂದ ಮಾಳು. ತೂತಿನಲ್ಲಿ ಬೆರಳಿಟ್ಟು ನೋಡುತ್ತಿದ್ದ.

"ಬೆರಳ ತಗೀ ಮಾಳಪ್ಪಣ್ಣ" ಎಂದು ಸುಭಾಷ್ ಗಾಲಿಯ ಆಚೆಯಿಂದ ಹೇಳಿದ. "ಸರಳು ಹಾಕಿ ನೋಡು. ಬೆರಳ ಹ್ವಾದ್ರ ನಾ ವೆಲ್ಡಿಂಗ್ ಮಾಡಾಂವ ಅಲ್ಲ."

ಮೇಲಿನ ಎರಡು ಬೋಲ್ಟು ಹಿಡಿದ ಮೇಲೆ ಸರಪಳಿ ಸಡಿಲಿಸಿದರು. ನಂತರ ಕೆಳಗಿನವು. ಸುಭಾಷ್ ಒಂದು ಬಿಗಿದರೆ ಅದರ ಎದುರಿನದನ್ನು ಬಿಗಿಯುತ್ತ, ಸುತ್ತ ಬರುತ್ತ, ಎಲ್ಲವನ್ನೂ ಸಮಕ್ಕೆ ತಂದ. ಅದರ ಮೇಲೆ ಎರಡನೆಯ ತೂಕ ಕೂಡಿಸಿದ. ಹಳೆಯ ಬೋಲ್ಟುಗಳನ್ನೇ ಹಾಕಲು ಮಾಳು ಹೇಳಿದ್ದ. ಸೋಮವ್ವ ಹೊಸವನ್ನೇ ತರಿಸಿದ್ದಳು. ಎರಡೂ ಗಾಲಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಊರ ಸುತ್ತ ಒಂದು ಸುತ್ತು ಓಡಿಸಿ ಬಂದು ಮತ್ತೊಮ್ಮೆ ಬಿಗಿದ ಸುಭಾಷ್, ಕೈಯ ಜಿಡ್ಡನ್ನು ಬೇವಿನ ಮರಕ್ಕೆ ಒರೆಸಿ ಹೋದ. ಮರವನ್ನೂ ತೊಳೆಯಬೇಕಾಯಿತು.

ಅವನು ಹೋದ ಮೇಲೆ ಮಾಳು ದೇವರ ಜಗಲಿಯಿಂದ ಬೀರಪ್ಪನ ಭಂಡಾರ ತಂದ. ಹಾಲುಮತದವರ ಮನೆಯಲ್ಲಿ ಆ ಅರಿಶಿನದ ಪುಡಿಗಿಂತ ದೊಡ್ಡದಿಲ್ಲ. ಅದನ್ನು ಮುಟ್ಟಿ ಆಡಿದ ಮಾತನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಅವನು ಚಿಟಿಕೆ ಚಿಟಿಕೆಯಾಗಿ ನಾಲ್ಕೂ ತೂಕಗಳಿಗೆ ಹಚ್ಚಿ, ಕಾಯಿ ಒಡೆದು ಕೈ ಮುಗಿದ. ಸೋಮವ್ವನೂ ಕೈ ಮುಗಿದಳು.

ಮರುದಿನ ತುಂಬಿದ ಟ್ರೇಲರು ಒಂದೇ ಉಸಿರಿಗೆ ರಸ್ತೆಗೆ ಏರಿತು. ಗಾಲಿ ಒಮ್ಮೆಯೂ ಜಾರಲಿಲ್ಲ.

ಅವರ ಕಬ್ಬು ಹೋಗುವುದು ಮಹಾಲಿಂಗಪುರದ ದಾರಿಯಲ್ಲಿರುವ ಚನಮಲ್ಲಪ್ಪನ ಗಾಣಕ್ಕೆ. ಗಾಣದ ಮುಂದೆಯೇ ಅವನದೊಂದು ಕಾಟಾ ಇದೆ. ಗಾಡಿಯನ್ನು ಹಾಗೆಯೇ ಕಬ್ಬಿಣದ ಹಾಸಿನ ಮೇಲೆ ಏರಿಸಿದರೆ ಕಿಟಕಿಯೊಳಗೆ ತೂಕ ಕಾಣುತ್ತದೆ. ಎಲ್ಲ ಕಡೆಯೂ ತುಂಬಿದ ಗಾಡಿಯನ್ನೊಮ್ಮೆ, ಇಳಿಸಿದ ಮೇಲೆ ಖಾಲಿ ಗಾಡಿಯನ್ನೊಮ್ಮೆ ತೂಗುತ್ತಾರೆ. ಚನಮಲ್ಲಪ್ಪನಲ್ಲಿ ಪರಿಚಯದವರಿಗೆ ಆ ಎರಡನೆಯ ಸರತಿ ಇರಲಿಲ್ಲ. ಹಂಗಾಮಿನ ಮೊದಲ ದಿನ ಟ್ರ್ಯಾಕ್ಟರು, ಟ್ರೇಲರು ಕೂಡಿ ಖಾಲಿ ತೂಕ ಮಾಡಿ, ಟ್ರೇಲರಿನ ಪಕ್ಕಕ್ಕೆ ಬಿಳಿ ಬಣ್ಣದಲ್ಲಿ ಬರೆಸಿಬಿಡುವುದು. ಮತ್ತೆ ಇಡೀ ಹಂಗಾಮು ಆ ಅಂಕಿಯನ್ನೇ ಕಳೆಯುವುದು. ಈ ಪದ್ಧತಿ ಅಪ್ಪಾಸಾಬನ ಕಾಲದಿಂದ ಬಂದದ್ದು. 'ಅಪ್ಪಾಸಾಬನ ಗಾಡಿ ಎರಡ ಸರ್ತಿ ತೂಗಿದ್ರ ನನಗ ಪಾಪ ಹತ್ತತೈತಿ' ಎಂದು ಚನಮಲ್ಲಪ್ಪನೇ ಹೇಳಿದ್ದ. ಸೋಮವ್ವ ಯಾರ ಮುಂದೆಯೂ ಜಂಬ ಕೊಚ್ಚಿಕೊಂಡವಳಲ್ಲ. ಈ ಒಂದನ್ನು ಮಾತ್ರ ಬೀಳಗಿಯ ಬೀಗರ ಮುಂದೆ ಹೇಳಿದ್ದಳು.

ಹಂಗಾಮು ಅರ್ಧ ಕಳೆದಿತ್ತು. ಮಗಳಿಗೆ ಕಳಿಸಲು ಹೊಸ ಬೆಲ್ಲ ಬೇಕಾಗಿತ್ತು. ಸೋಮವ್ವ ಕಬ್ಬಿನ ಗಾಡಿಯ ಮೇಲೆಯೇ, ಎಡ ಮಡ್ಗಾರ್ಡಿನ ಮೇಲೆ ಹರಕು ಚೀಲ ಹಾಸಿ ಕುಳಿತು ಗಾಣಕ್ಕೆ ಹೋದಳು. ಮುಂದೆ ಎಂಟು ಹತ್ತು ಗಾಡಿ. ಕಾಟಾದ ಮೇಲಿದ್ದ ಗಾಡಿಯಲ್ಲಿ ಕಬ್ಬಿನ ಮೇಲೆ ಮೂವರು ದಪ್ಪನೆಯ ಗಂಡಸರು ಮಲಗಿದ್ದರು. ಕಿಟಕಿಯಿಂದ ಚನಮಲ್ಲಪ್ಪನ ದನಿ ಬಂತು.

"ಇಳೀರೆಪಾ. ನಿಮ್ಮನ್ನೇನ ಗಾಣಕ್ಕ ಹಾಕಿ ಹಿಂಡ್ಲೇನು?"

ಅವರು ನಗುತ್ತ ಇಳಿದರು. ಎಲ್ಲರೂ ನಕ್ಕರು. ಸೋಮವ್ವ ಮುಖ ತಿರುಗಿಸಿದಳು. ಕದಿಯುವುದೂ ಒಂದು ಹೊಲಸು, ಸಿಕ್ಕಿಬಿದ್ದು ನಗುವುದು ಇನ್ನೊಂದು.

ಹಿಂದಿನ ಗಾಡಿಯ ಸಾತಪ್ಪ ಬೀಡಿ ಹಚ್ಚಿಕೊಂಡು ಹತ್ತಿರ ಬಂದ. ಅವನ ಹೊಲ ಇವರ ಹೊಲದ ಬದುವಿಗೇ.

"ಯಕ್ಕಾ, ನಿಂದು ಯಾವ ತಳಿ ಕಬ್ಬು?"

"ಯಾಕ, ನಿನಗ ಗೊತ್ತಿಲ್ಲೇನು?"

"ಗಣಿಕಿ ಬೀಡಿನ್ವು ಅದಾವಂತಲ್ಲ. ನನಗೂ ನಾಕ ತುಂಡ ಬೀಜಕ್ಕ ಕೊಡು."

ಸುತ್ತ ನಿಂತವರು ಹೋ ಎಂದರು. ಮಾಳು ಕೂಡ ಸೀಟಿನ ಮೇಲೆ ಕುಳಿತು ಹೆಗಲು ಕುಣಿಸಿ ನಗುತ್ತಿದ್ದ. ಸೋಮವ್ವನಿಗೆ ಅರ್ಥವಾಗಲಿಲ್ಲ. ಬೀಡಿನ ಗಣಿಕೆ, ಗೆಣ್ಣೆಲ್ಲ ಬೀಡು ಕಬ್ಬಿಣ. ಬೀಡು. ಅವಳ ಕಣ್ಣು ತನ್ನ ಕಾಲ ಬಳಿಯ ಗಾಲಿಗೆ ಹೋಯಿತು. ಅಲ್ಲಿಂದ ಹಿಂದಕ್ಕೆ, ಟ್ರೇಲರಿನ ಪಕ್ಕದ ಬಿಳಿಯ ಅಂಕಿಗೆ ಹೋಯಿತು. ಆ ಅಂಕಿ ಬರೆಸಿದ್ದು ದೀಪಾವಳಿಯ ಪಾಡ್ಯದ ಮಾರನೆಯ ದಿನ. ಸುಭಾಷ್ ಬಂದದ್ದು ಅದರ ಮುಂದಿನ ವಾರ.

ಅಂದರೆ ಅಂದಿನಿಂದ ಇಂದಿನವರೆಗೆ ಪ್ರತಿ ಗಾಡಿಯಲ್ಲೂ ಆ ನಾಲ್ಕು ಚಕ್ರ ಕಬ್ಬೆಂದು ಮಾರಾಟವಾಗಿವೆ. ಮತ್ತೆ ಸಾಯಂಕಾಲ ಮನೆಗೆ ಬಂದಿವೆ. ಮತ್ತೆ ಮಾರಾಟವಾಗಿವೆ. ಬಚ್ಚಲಿನ ಕಲ್ಲು, ಎಮ್ಮೆಯ ಗೂಟದ ಕಬ್ಬಿಣ. ತಾನೇ ಸೀಮೆಎಣ್ಣೆ ಹಚ್ಚಿ ತಿಕ್ಕಿ ಕೊಟ್ಟದ್ದು. ಬಾಯಲ್ಲಿ ನೀರು ಊರಿತು, ಉಗುಳಬೇಕೆನಿಸಿತು. ಮಾಳುವಿನಂತೆ ಉಗುಳಲಾರದೆ ನುಂಗಿದಳು.

"ಮಾಳು, ಇದು ನಿನಗ ಗೊತ್ತಿತ್ತು."

"ಏನ?"

"ತೂಕಾ ಬಿಗಿಸಿದ ಮ್ಯಾಲ ಖಾಲಿ ಗಾಡಿ ಮತ್ತ ಕಾಟಾಕ್ಕ ಹತ್ತಿಸಬೇಕಿತ್ತು ಅನ್ನೂದು."

"ನಾ ಏನ್ ಸುಳ್ಳ ಹೇಳೀನಿ? ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲಿಲ್ಲ." ಅವನು ಗುಟ್ಕಾ ಚೀಟಿ ಹರಿದ. "ತೂಕಾ ಹಾಕು ಹಾಕು ಅಂತ ಬೆನ್ನ ಹತ್ತಿದಾಕಿ ನೀನ. ಹಾಕಿದೆ. ಈಗ ಅದೂ ತಪ್ಪ."

"ಭಂಡಾರ ಹಚ್ಚೀದೆಲ್ಲೋ ಅದಕ್ಕ."

"ಹಚ್ಚೀನಿ. ಛಲೋ ಆಗ್ಲಿ ಅಂತ ಹಚ್ಚೀನಿ. ಛಲೋ ಆಗೇತಿ."

ಅವನ ಮುಖದಲ್ಲಿ ಹೆದರಿಕೆ ಇದ್ದಿದ್ದರೆ ಅವಳಿಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಊಟ ಮುಗಿಸಿ ಕೈ ತೊಳೆದವನ ತೃಪ್ತಿ ಅದರಲ್ಲಿತ್ತು. ಬೀರಪ್ಪನನ್ನೂ ತನ್ನ ಜೊತೆ ಪಾಲಿಗೆ ಸೇರಿಸಿಕೊಂಡವನ ನಿಶ್ಚಿಂತೆ.

ಗಾಡಿ ಕಾಟಾಕ್ಕೆ ಹತ್ತಿತು, ತೂಗಿತು, ಇಳಿಯಿತು. ಗಾಣದ ಅಂಗಳದಲ್ಲಿ ಕಬ್ಬು ಇಳಿಸಿದರು. ಖಾಲಿಯಾದ ಮೇಲೆ ಮಾಳು ಊರ ದಾರಿಗೆ ತಿರುಗಿಸುವಷ್ಟರಲ್ಲಿ ಸೋಮವ್ವ ಮುಂದೆ ಬಂದು ನಿಂತಳು.

"ಕಾಟಾಕ್ಕ ಹತ್ತಿಸು."

"ಹುಚ್ಚ ಹಿಡದೈತೇನು? ಮಂದಿ ಮುಂದ ಮಾನಾ ಕಳೀತಿಯೇನು?"

"ಹತ್ತಿಸು. ಇಲ್ಲಾ ನನ್ನ ಮ್ಯಾಲ ಹಾಯಿಸಿ ಊರಿಗೆ ಹೋಗು."

ಮಾಳು ಎಂಜಿನ್ ಗುರ್ರೆನಿಸಿದ. ಅವಳು ಕದಲಲಿಲ್ಲ. ಅವನು ಅತ್ತಿತ್ತ ನೋಡಿ, ತಿರುಗಿಸಿ ಕಾಟಾದ ಸಾಲಿನ ನಡುವೆ ನುಗ್ಗಿಸಿದ. ಹಿಂದಿದ್ದವರು ಬೊಬ್ಬೆ ಹಾಕಿದರು. ಕಿಟಕಿಯಲ್ಲಿ ಚನಮಲ್ಲಪ್ಪ ಕನ್ನಡಕ ಮೇಲೆ ಸರಿಸಿದ.

"ಏನ್ ಯಕ್ಕಾ, ನಿಮಗ ಖಾಲಿ ತೂಕ ಯಾಕ?"

"ಸಾವ್ಕಾರ್ರ, ನಮ್ಮ ಗಾಡಿ ಬರದಷ್ಟ ಇಲ್ಲ. ಗಾಲಿಗೆ ಕಬ್ಬಿಣ ಬಿಗಿಸೇವಿ. ದೀಪಾವಳಿಯಿಂದ ಕಬ್ಬಿಣಾನೂ ಕಬ್ಬಂತ ಹಾಕಾಕತ್ತೇವಿ. ನೋಡ್ರಿ."

ಅವನು ನೋಡಿದ. ಬರೆದದ್ದಕ್ಕಿಂತ ಎರಡೂವರೆ ಕ್ವಿಂಟಲ್ ಹೆಚ್ಚಿತ್ತು. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಸೋಮವ್ವ ಬೈಗುಳ ಕೇಳಲು ಸಿದ್ಧಳಾಗಿ ನಿಂತಿದ್ದಳು.

"ಅದಾ? ಅದು ಮೊದಲನೇ ದಿನಾನ ನೋಡೀನಿ ಯಕ್ಕಾ. ನಾ ಏನ್ ಕುರುಡ ಅದೀನೇನು?"

"ನೋಡಿ ಸುಮ್ಮ ಇದ್ರ್ಯಾ?"

"ಸುಮ್ಮ ಯಾಕ ಇರ್ಲಿ. ಅವತ್ತಿಂದ ನಿಮ್ಮ ಕಬ್ಬಿಗೆ ರವದಿ ಅಂತ ತೂಕದಾಗ ಅಷ್ಟ ಕಳೀತ ಬಂದೀನಿ. ಮ್ಯಾಲ ತುಸು ಹೆಚ್ಚಿಗೇನ ಹಿಡದೀನಿ ಬೇಕಾರ." ಅವನು ನಕ್ಕ. "ಮಾಳಪ್ಪಗೂ ಗೊತ್ತೈತಿ. ಅಂವಾ ಏನೂ ಅಂದಿಲ್ಲ. ಅದಕ್ಕದು ಆತು. ನೀವ್ಯಾಕ ತಲಿ ಕೆಡಿಸ್ಕೋತೀರಿ, ಬೆಲ್ಲಾ ತಗೊಂಡ ಹೋಗ್ರಿ."

ರವದಿ. ಒಂದು ಗರಿ ಹತ್ತಿದ್ದರೂ ಕಬ್ಬನ್ನು ಬದುವಿಗೆ ಎಸೆದವಳು ಅವಳು. ಗ್ಯಾಂಗಿನ ಹೆಂಗಸರ ಕೈಲಿ ಬೈಸಿಕೊಂಡು, ಕೈ ಬೊಬ್ಬೆ ಬಂದರೂ ತಾನೂ ಸುಲಿದವಳು. ಅವಳ ಕಬ್ಬು ಇಷ್ಟು ದಿನ ಈ ಕಿಟಕಿಯಲ್ಲಿ ಊರಿನ ಎಲ್ಲರ ಕಬ್ಬಿಗಿಂತ ಹೊಲಸೆಂದು ನಡೆದಿತ್ತು. ಹಾಗೆ ನಡೆಸಿದವರಿಬ್ಬರೂ ತಮ್ಮ ತಮ್ಮಲ್ಲಿ ಸಮ ಮಾಡಿಕೊಂಡು ಸುಖವಾಗಿದ್ದರು. ಒಬ್ಬ ಕಬ್ಬಿಣವನ್ನು ಕಬ್ಬೆಂದು ಕೊಟ್ಟ, ಇನ್ನೊಬ್ಬ ಕಬ್ಬನ್ನು ಕಸವೆಂದು ತೆಗೆದುಕೊಂಡ. ಎರಡು ಕಳ್ಳತನ ಸೇರಿದರೆ ಒಂದು ಪ್ರಾಮಾಣಿಕ ವ್ಯವಹಾರ ಆಗುತ್ತದೆಂದು ಇಬ್ಬರೂ ನಂಬಿದ್ದರು. ನಡುವೆ ಗಂಡನ ಹೆಸರಿಗೆ ಬಂದ ಒಂದು ಮರ್ಯಾದೆ ಇತ್ತಲ್ಲ, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಸಾವ್ಕಾರ್ರ" ಎಂದಳು ಕೊನೆಗೆ, "ಆ ಅಂಕಿ ಅಳಸ್ರಿ."

"ಹೊಸಾದು ಬರಸೂಣೇನು?"

"ಏನೂ ಬರಿಯೂದು ಬ್ಯಾಡ. ನಾಳೆಯಿಂದ ಎರಡೂ ಸರ್ತಿ ತೂಗ್ರಿ. ತುಂಬಿದ್ದೂ ತೂಗ್ರಿ, ಖಾಲೀದೂ ತೂಗ್ರಿ. ರವದಿ ಕಳಿಯೂದಿದ್ರ ಎದ್ದ ಬಂದು ಕಬ್ಬ ನೋಡಿ ಕಳೀರಿ. ಕುಂತಲ್ಲೇ ಕಳೀಬ್ಯಾಡ್ರಿ."

"ಯಕ್ಕಾ, ಒಬ್ಬರಿಗೆ ಮಾಡಿದ್ರ ಎಲ್ಲಾರಿಗೂ ಮಾಡಬೇಕಾಗತೈತಿ."

"ಮಾಡ್ರಿ."

ಅವಳು ಇದನ್ನು ಮೆಲ್ಲನೆ ಹೇಳಿದ್ದರೂ ಸಾಲಿನಲ್ಲಿದ್ದವರಿಗೆ ಕೇಳಿಸಿತು. ನಗು ನಿಂತಿತು. ಬರೆಸಿದ ಅಂಕಿ ಇದ್ದ ಗಾಡಿಗಳು ಅಲ್ಲಿ ನಾಲ್ಕೈದಿದ್ದವು. ಒಬ್ಬನ ಟೈರಿನಲ್ಲಿ ನೀರು, ಇನ್ನೊಬ್ಬನ ಟ್ರೇಲರಿನ ತಳಕ್ಕೆ ಹೊಸ ತಗಡು. ಬೀಡಿನ ಗಣಿಕೆ ಎಂದಿದ್ದ ಸಾತಪ್ಪನ ಗಾಡಿಯ ಮುಂದೆ ಹೊಸದಾಗಿ ಕಬ್ಬಿಣದ ದಪ್ಪ ಬಂಪರು.

"ನಿನ್ನ ಮಡಿ ನಿನ್ನ ಮನ್ಯಾಗ ಇಟ್ಕೋ ಯಕ್ಕಾ" ಎಂದ ಸಾತಪ್ಪ. ಈಗ ಅವನ ಮಾತಿನಲ್ಲಿ ಹಾಸ್ಯವಿರಲಿಲ್ಲ. "ಎರಡೆರಡು ಸರ್ತಿ ಪಾಳಿ ನಿಂದ್ರಾಕ ನಮಗ ಮನಿ ಮಾರು ಇಲ್ಲೇನು?"

"ಹೇಸಿಕಿ ಸೋಮವ್ವ ಅಂತ ಸುಮ್ಮ ಅಂತಾರೇನು" ಎಂದ ಇನ್ನೊಬ್ಬ.

ಸೋಮವ್ವ ಅಂದು ಬೆಲ್ಲ ಕೊಳ್ಳಲಿಲ್ಲ. ಆ ಕೊಪ್ಪರಿಗೆಯ ಬೆಲ್ಲವನ್ನು ಮಗಳ ಮನೆಗೆ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ.

ಮರುದಿನ ಮತ್ತೆ ಗಾಡಿಯೊಂದಿಗೆ ಬಂದಳು. ಬಿಳಿಯ ಅಂಕಿಯನ್ನು ಬೆಳಿಗ್ಗೆಯೇ ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆದಿದ್ದಳು. ಸಿದ್ದಕ್ಕ ಹಿಂದಿನ ರಾತ್ರಿ ಬೇರೆ ಒಲೆ ಹೂಡಿದ್ದಳು. ದಾರಿಯುದ್ದಕ್ಕೂ ಮಾಳು ಎಂದಿಗಿಂತ ಹೆಚ್ಚು ಉಗುಳಿದ್ದ. ಸಾಲು ಹಿಂದಿನ ದಿನಕ್ಕಿಂತ ಎರಡರಷ್ಟಿತ್ತು. ಖಾಲಿ ಗಾಡಿಗಳೂ ಅದರಲ್ಲೇ ನಿಂತಿದ್ದವು. ಅವಳನ್ನು ಕಂಡು ಜನ ಮುಖ ತಿರುಗಿಸಿದರು.

ತುಂಬಿದ ತೂಕವಾದ ಮೇಲೆ ಚನಮಲ್ಲಪ್ಪ ಕುರ್ಚಿಯಿಂದ ಎದ್ದ. ಧೋತರದ ಚುಂಗು ಎತ್ತಿ ಹಿಡಿದು, ಗೊಣಗುತ್ತ ಟ್ರೇಲರಿನ ಸುತ್ತ ಬಂದ. ಒಂದು ಕಬ್ಬು ಎಳೆದು ನೋಡಿದ, ಇನ್ನೊಂದು ಎಳೆದ, ಕೆಳಗಿನ ಹೊರೆಯೊಳಗೆ ಕೈ ಹಾಕಿದ. ಕೈಗೆ ಗರಿ ಹತ್ತಲಿಲ್ಲ.

"ಸ್ವಚ್ಛ ಐತಿ" ಎಂದ.

"ಮೊನ್ನೇನೂ ಹಿಂಗ ಇತ್ತು" ಎಂದಳು ಸೋಮವ್ವ.

ಅವನಿಗೆ ನಾಚಿಕೆಯಾದಂತೆ ಕಾಣಲಿಲ್ಲ. "ಇರಬಹುದು ಯಕ್ಕಾ" ಎಂದು ಕೈ ಜಾಡಿಸಿ ಒಳಗೆ ಹೋದ. ಕಬ್ಬು ಇಳಿಸಿ, ಎರಡನೆಯ ಪಾಳಿ ಬಂದು, ಖಾಲಿ ಗಾಡಿ ಕಾಟಾದ ಮೇಲೆ ಹತ್ತಿ ಇಳಿಯುವಾಗ ಹೊತ್ತು ಇಳಿದಿತ್ತು. ಮಾಳು ಎಂಜಿನ್ ಬಂದ್ ಮಾಡದೆ, ಅವಳತ್ತ ನೋಡದೆ ಹೇಳಿದ.

"ಹತ್ತು ವೈನಿ. ಮನಿಗೆ ಹೋಗೂಣು."

ಮಡ್ಗಾರ್ಡಿನ ಮೇಲೆ ಅವಳು ಹಾಸಿದ್ದ ಚೀಲ ಹಾಗೆಯೇ ಇತ್ತು. ಅವಳು ಅದನ್ನು ಎಳೆದುಕೊಂಡು ಮಡಚಿ ಕಂಕುಳಲ್ಲಿಟ್ಟು, ಊರಿಗೆ ಹೋಗುವ ಬಸ್ಸು ನಿಲ್ಲುವ ಕಡೆಗೆ ನಡೆದಳು.